ಕೊನೆಯ ಸುತ್ತಿನಲ್ಲಿ ಕೈತಪ್ಪಿದ ಕೆಲಸ: ಯಾವ ಸೇವೆಗೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಸಂದರ್ಶನ ಚೆನ್ನಾಗಿಯೇ ಆಗಿರುತ್ತದೆ. ಮ್ಯಾನೇಜರ್ ತಂಡದ ಕೆಲಸದ ಬಗ್ಗೆ ಬಿಡಿಸಿ ಹೇಳಿರುತ್ತಾರೆ, ಎಚ್‌ಆರ್ ನೋಟಿಸ್ ಪೀರಿಯಡ್ ಎಷ್ಟೆಂದು ಕೇಳಿರುತ್ತಾರೆ, ಮನೆಯವರು ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡಿರುತ್ತಾರೆ. ಆಮೇಲೆ ಎರಡು ಸಾಲಿನ ಮೇಲ್ ಬರುತ್ತದೆ, ಅಥವಾ ಅದೂ ಬರುವುದಿಲ್ಲ. ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ಆಗುವ ಬೇಸರಕ್ಕಿಂತ ಇದು ಬೇರೆ. ಆಸೆ ಗಟ್ಟಿಯಾದ ಮೇಲೆ ಬಿದ್ದ ಪೆಟ್ಟು ಆಳಕ್ಕೆ ಇಳಿಯುತ್ತದೆ. ಆ ನೋವು ಆರುವ ಮೊದಲೇ ಫೋನಿನಲ್ಲಿ ಒಂದರ ಹಿಂದೊಂದು ಜಾಹೀರಾತು: ರೆಸ್ಯೂಮೆ ಬರೆದುಕೊಡುತ್ತೇವೆ, ಪ್ರೀಮಿಯಂ ತಗೊಳ್ಳಿ, ಮೆಂಟರ್ ಜೊತೆ ಅರ್ಧ ಗಂಟೆ ಮಾತಾಡಿ. ಇಂಥ ಸೇವೆಗಳಲ್ಲಿ ಯಾವುದು ನಿಜಕ್ಕೂ ಕೈಹಿಡಿಯುತ್ತದೆ ಎಂಬುದನ್ನು ಕೊನೆಯ ಸುತ್ತಿನವರೆಗೆ ಹೋಗಿ ಬಂದವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ತೂಗಿದ್ದೇವೆ.

ತೂಗುವ ಅಳತೆ ಸರಳ. ನೂರು ಕಡೆ ಅರ್ಜಿ ಹಾಕಿದರೂ ಕರೆ ಬರದಿದ್ದರೆ ತೊಂದರೆ ರೆಸ್ಯೂಮೆಯಲ್ಲಿದೆ, ಇಲ್ಲವೇ ಅರ್ಜಿ ಹಾಕುತ್ತಿರುವ ಜಾಗದಲ್ಲಿದೆ. ಮೊದಲ ತಾಂತ್ರಿಕ ಸುತ್ತಿನಲ್ಲೇ ನಿಂತರೆ ವಿಷಯದ ಬುನಾದಿ ಸಾಲದು. ಕೊನೆಯ ಸುತ್ತಿನಲ್ಲಿ ಕೈತಪ್ಪಿತೆಂದರೆ ರೆಸ್ಯೂಮೆಯೂ ಬುನಾದಿಯೂ ತಮ್ಮ ಕೆಲಸ ಮಾಡಿವೆ. ಅಲ್ಲಿ ಸೋಲಿಗೆ ಕಾರಣವಾಗುವುದು ಸಂಬಳದ ಲೆಕ್ಕ, ಹುದ್ದೆಯ ಮಟ್ಟ, ಸೇರುವ ದಿನಾಂಕ, ಇನ್ನೊಬ್ಬ ಅಭ್ಯರ್ಥಿ, ಕಂಪನಿಯ ಒಳಗಿನ ಬಜೆಟ್, ಅಥವಾ ನಿಮ್ಮ ಉತ್ತರಗಳಲ್ಲಿ ಉಳಿದುಹೋದ ಒಂದು ಸಣ್ಣ ಅನುಮಾನ. ಮಾರುಕಟ್ಟೆಯ ಹೆಚ್ಚಿನ ಪಾವತಿ ಸೇವೆಗಳು ಮಾರುವುದು ‘ಕಣ್ಣಿಗೆ ಬೀಳುವಿಕೆ’ಯನ್ನು. ನಿಮಗೆ ಅದು ಆಗಲೇ ಸಿಕ್ಕಿದೆ. ನಿಮಗೆ ಬೇಕಿರುವುದು ಕಾರಣದ ಸುಳಿವು, ಮತ್ತು ನಿರಾಕರಣೆಯ ನಂತರದ ಎರಡು ವಾರ ಮನಸ್ಸನ್ನು ಹಿಡಿದು ನಿಲ್ಲಿಸುವ ಆಸರೆ.

ಮೊದಲು, ‘ಚೆನ್ನಾಗಿತ್ತು’ ಎಂಬ ಭಾವನೆ ಯಾಕೆ ಮೋಸ ಮಾಡುತ್ತದೆ ಎಂದು ನೋಡೋಣ. ನೋಟಿಸ್ ಪೀರಿಯಡ್, ಈಗಿನ ಸಂಬಳ, ನಿರೀಕ್ಷೆಯ ಸಂಬಳ ಈ ಮೂರನ್ನೂ ಎಚ್‌ಆರ್ ಎಲ್ಲರಿಗೂ ಕೇಳುತ್ತಾರೆ. ಅವರ ಫಾರಂನಲ್ಲಿ ಆ ಕಾಲಂ ಖಾಲಿ ಬಿಡುವ ಹಾಗಿಲ್ಲ, ಅಷ್ಟೆ. ನಲವತ್ತೈದು ನಿಮಿಷದ ಮಾತು ಒಂದೂಕಾಲು ಗಂಟೆಗೆ ಎಳೆದರೆ ಅದು ಆಸಕ್ತಿಯೂ ಇರಬಹುದು, ಬೇಕಾದ ಉತ್ತರ ಸಿಗದೆ ಮತ್ತೆ ಮತ್ತೆ ಕೆದಕಿದ್ದೂ ಇರಬಹುದು. ಅದಕ್ಕಿಂತ ಮುಖ್ಯವಾಗಿ, ನಿಮ್ಮೆದುರು ನಕ್ಕವರೇ ನಿರ್ಧಾರ ಮಾಡುವವರಲ್ಲ. ಗೂಗಲ್‌ನ ಪದ್ಧತಿಯಲ್ಲಿ ಸಂದರ್ಶಕರು ಬರೆದ ಅಭಿಪ್ರಾಯಗಳು ಬೇರೆಯೇ ಒಂದು ಸಮಿತಿಯ ಮುಂದೆ ಹೋಗುತ್ತವೆ. ಅಮೆಜಾನ್‌ನಲ್ಲಿ ‘ಬಾರ್ ರೈಸರ್’ ಎಂಬ, ಆ ತಂಡಕ್ಕೆ ಸೇರದ ಸಂದರ್ಶಕರು ಇರುತ್ತಾರೆ. ಅವರು ಒಪ್ಪದಿದ್ದರೆ ಮ್ಯಾನೇಜರಿಗೆ ಎಷ್ಟು ಇಷ್ಟವಾದರೂ ಆಯ್ಕೆ ನಡೆಯುವುದಿಲ್ಲ. ಸಣ್ಣ ಕಂಪನಿಗಳಲ್ಲೂ ಕಡೆಯ ಸಹಿ ಹಣಕಾಸಿನವರದ್ದಾಗಿರಬಹುದು. ಆದ್ದರಿಂದ ‘ಅವರು ಸುಳ್ಳು ಹೇಳಿದರು’ ಎಂಬ ಕಹಿಗೆ ಅನೇಕ ಸಲ ಆಧಾರವಿಲ್ಲ. ನಿಮ್ಮನ್ನು ಮೆಚ್ಚಿದವರು ನಿಜವಾಗಿಯೇ ಮೆಚ್ಚಿರುತ್ತಾರೆ.

ಕಾರಣ ಹುಡುಕಲು ಮೊದಲ ಸಾಧನ ಅದೇ ಕಂಪನಿಯ ಕರಿಯರ್ಸ್ ಪುಟ. ಪೂರ್ತಿ ಉಚಿತ, ಆದರೂ ನಿರಾಕರಣೆಯ ನಂತರ ಅದನ್ನು ತೆರೆಯುವವರು ಕಡಿಮೆ. ಹುದ್ದೆಯ ಜಾಬ್ ಐಡಿ ಬರೆದಿಟ್ಟುಕೊಂಡು ಮೂರು ವಾರ, ವಾರಕ್ಕೊಮ್ಮೆ ನೋಡಿ. ಅದೇ ಐಡಿ ಹಾಗೇ ತೆರೆದಿದ್ದರೆ ನಿಮ್ಮನ್ನು ತೂಗಿ ಬೇಡವೆಂದಿದ್ದಾರೆ, ಹುಡುಕಾಟ ನಡೆದಿದೆ. ಪುಟದಿಂದ ಮಾಯವಾಗಿ, ಎರಡು ಮೂರು ತಿಂಗಳಾದರೂ ಆ ಹುದ್ದೆಗೆ ಹೊಸಬರು ಸೇರಿದ ಸುಳಿವು ಲಿಂಕ್ಡ್‌ಇನ್‌ನಲ್ಲಿ ಕಾಣದಿದ್ದರೆ ಬಜೆಟ್ ನಿಂತಿರುವ ಸಾಧ್ಯತೆ ಹೆಚ್ಚು. ಅನುಭವದ ವರ್ಷ ಬದಲಾಗಿ, ಉದಾಹರಣೆಗೆ 5–8 ಇದ್ದದ್ದು 3–5 ಆಗಿ ಮತ್ತೆ ಕಾಣಿಸಿಕೊಂಡರೆ ಅವರಿಗೆ ಕಡಿಮೆ ಸಂಬಳದವರು ಬೇಕಾಗಿದ್ದಾರೆ. ಅದೇ ತಂಡದ ಹಳೆಯ ಉದ್ಯೋಗಿಯೊಬ್ಬರ ಪ್ರೊಫೈಲ್‌ನಲ್ಲಿ ಆ ಹುದ್ದೆ ಕಂಡರೆ ಒಳಗಿನವರಿಗೇ ಕೊಟ್ಟಿದ್ದಾರೆ. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಮಾತ್ರ ನಿಮ್ಮ ಉತ್ತರಗಳನ್ನು ತಿರುಗಿ ನೋಡುವ ಅಗತ್ಯವಿದೆ.

ಇನ್ನು ರಿಕ್ರೂಟರ್. ಇಡೀ ಸಾಲಿನಲ್ಲಿ ನಾವು ಅತಿ ಹೆಚ್ಚು ಅಂಕ ಕೊಡುವುದು ಈ ಒಂದು ಫೋನ್ ಕರೆಗೆ. ಹೆಚ್ಚಿನ ಕಂಪನಿಗಳು ಬರಹದಲ್ಲಿ ಕಾರಣ ಕೊಡುವುದಿಲ್ಲ. ಬರೆದದ್ದು ನಾಳೆ ವಾದಕ್ಕೆ ವಸ್ತುವಾದೀತೆಂಬ ಭಯ. ಅದಕ್ಕಾಗಿ ‘ದಯವಿಟ್ಟು ಫೀಡ್‌ಬ್ಯಾಕ್ ಕೊಡಿ’ ಎಂಬ ಮೇಲ್‌ಗೆ ಉತ್ತರ ಬರುವುದು ಅಪರೂಪ. ನಿರಾಕರಣೆ ಬಂದ ದಿನ ಏನನ್ನೂ ಕಳಿಸಬೇಡಿ. ಎರಡರಿಂದ ಐದು ಕೆಲಸದ ದಿನಗಳ ಒಳಗೆ ನಾಲ್ಕು ವಾಕ್ಯದ ಮೇಲ್ ಸಾಕು: ಸಮಯ ಕೊಟ್ಟದ್ದಕ್ಕೆ ಕೃತಜ್ಞತೆ, ಆ ತಂಡದ ಕೆಲಸದಲ್ಲಿ ನಿಮಗೆ ನಿಜವಾಗಿ ಹಿಡಿಸಿದ ಒಂದು ಸಂಗತಿ, ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ ಎಂಬ ಕೋರಿಕೆ, ಮುಂದಿನ ಹುದ್ದೆಗಳಿಗೆ ನಿಮ್ಮನ್ನು ನೆನಪಿಟ್ಟುಕೊಳ್ಳಿ ಎಂಬ ಮಾತು. ಒಂದು ವಾರ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ. ಎರಡನೇ ಸಲ ಬೇಡ.

ಫೋನಿನಲ್ಲಿ ಕೇಳುವ ಪ್ರಶ್ನೆ ಕಿರಿದಾಗಿರಬೇಕು. ‘ನಾನೇನು ತಪ್ಪು ಮಾಡಿದೆ?’ ಎಂದರೆ ಎದುರಿನವರು ಗಾಬರಿಯಾಗಿ ‘ಹಾಗೇನಿಲ್ಲ, ಚೆನ್ನಾಗಿಯೇ ಮಾಡಿದಿರಿ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಹೀಗೆ ಕೇಳಿ: ‘ಮುಂದಿನ ಆರು ತಿಂಗಳಲ್ಲಿ ನಾನು ಒಂದೇ ಒಂದನ್ನು ಸುಧಾರಿಸಿಕೊಳ್ಳಬೇಕಾದರೆ ಅದು ತಾಂತ್ರಿಕ ಆಳವೋ, ವಿವರಿಸುವ ರೀತಿಯೋ?’ ಎರಡರಲ್ಲಿ ಒಂದನ್ನು ಆರಿಸುವುದು ಅವರಿಗೆ ಸುಲಭ. ಎರಡನೇ ಪ್ರಶ್ನೆ: ‘ನನ್ನ ನಿರೀಕ್ಷೆಯ ಸಂಬಳ ಈ ಹುದ್ದೆಯ ಮಿತಿಯೊಳಗಿತ್ತೇ?’ ಇದಕ್ಕೆ ಹೌದು, ಇಲ್ಲ ಎಂದಷ್ಟೇ ಹೇಳಿದರೂ ಕಾರಣದ ಅರ್ಧ ತಿಳಿದ ಹಾಗೆ. ಮೂರನೆಯದು: ಮತ್ತೆ ಅರ್ಜಿ ಹಾಕಲು ಎಷ್ಟು ಕಾಯಬೇಕು? ಬಹಳ ಕಂಪನಿಗಳಲ್ಲಿ ಆರು ತಿಂಗಳಿಂದ ಒಂದು ವರ್ಷದ ಕೂಲಿಂಗ್ ಪೀರಿಯಡ್ ಇರುತ್ತದೆ. ಅದು ಇಡೀ ಕಂಪನಿಗೋ ಆ ಒಂದು ಹುದ್ದೆಗೋ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ನಮ್ಮ ಐಟಿ ವಲಯಕ್ಕೆ ವಿಶೇಷವಾದ ಇನ್ನೊಂದು ಮಾತಿದೆ, ಇದನ್ನು ಹೇಳುವವರು ಕಡಿಮೆ. ಇಲ್ಲಿ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಮಾಮೂಲು. ಆಯ್ಕೆಯಾದವರು ಆ ಮೂರು ತಿಂಗಳಲ್ಲಿ ಇನ್ನೊಂದು ಆಫರ್ ಹಿಡಿದು ಕೈಕೊಡುವುದೂ ಮಾಮೂಲು. ಆಗ ಎಚ್‌ಆರ್ ಮತ್ತೆ ಮೊದಲಿಂದ ಹುಡುಕುವ ಬದಲು ಎರಡನೇ ಸ್ಥಾನದಲ್ಲಿದ್ದವರಿಗೆ ಫೋನ್ ಮಾಡುತ್ತಾರೆ. ಆ ಎರಡನೆಯವರು ನೀವಾಗಿರಬಹುದು. ಹಾಗಾಗಿ ನಿರಾಕರಣೆಯ ಸುಮಾರು 45ನೇ ದಿನ ಒಮ್ಮೆ, 80–90ನೇ ದಿನದ ಹೊತ್ತಿಗೆ ಇನ್ನೊಮ್ಮೆ ಎರಡು ಸಾಲಿನ ಸಂದೇಶ ಕಳಿಸಿ: ನಾನು ಈಗಲೂ ಆಸಕ್ತ, ನನ್ನ ನೋಟಿಸ್ ಇಷ್ಟು ದಿನ. ಅಷ್ಟೇ. ಬೇಡಿಕೊಳ್ಳುವ ಧಾಟಿ ಬೇಕಿಲ್ಲ. ಮೊದಲ ಮೇಲ್‌ನಲ್ಲಿ ಕೋಪ ತೋರಿಸಿದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ದಾರಿ ಸ್ವಲ್ಪ ಬೇರೆ. ಬ್ರಿಟನ್ನಿನಲ್ಲಿ ಸಂದರ್ಶಕರು ನಿಮ್ಮ ಬಗ್ಗೆ ಬರೆದಿಟ್ಟ ಟಿಪ್ಪಣಿಯೂ ನಿಮ್ಮ ವೈಯಕ್ತಿಕ ಮಾಹಿತಿಯೇ. ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ ಕಳಿಸಿದರೆ ಸಾಮಾನ್ಯವಾಗಿ ಶುಲ್ಕವಿಲ್ಲದೆ, ಒಂದು ತಿಂಗಳೊಳಗೆ ಕೊಡಬೇಕು. ಆದರೆ ಅದೇ ಕಂಪನಿಗೆ ಮತ್ತೆ ಹೋಗುವ ಆಸೆಯಿದ್ದರೆ ಮೊದಲು ಫೋನ್ ಮಾಡಿ ನೋಡುವುದೇ ಜಾಣತನ. ಜರ್ಮನಿಯಲ್ಲಿ ತಾರತಮ್ಯ ವಿರೋಧಿ ಕಾನೂನಿನ ಭಯದಿಂದ ಕಂಪನಿಗಳು ಬಾಯಿಯೇ ಬಿಡುವುದಿಲ್ಲ. ಅಲ್ಲಿನ ಒಣ ಮೇಲ್ ನೋಡಿ ನೊಂದುಕೊಳ್ಳಬೇಡಿ, ಎಲ್ಲರಿಗೂ ಹೋಗುವುದು ಅದೇ.

ಇನ್ನು ಉದ್ಯೋಗಿಗಳೂ ಅಭ್ಯರ್ಥಿಗಳೂ ಕಂಪನಿಗಳ ಬಗ್ಗೆ ಬರೆಯುವ ತಾಣಗಳಾದ ಆಂಬಿಷನ್‌ಬಾಕ್ಸ್ ಮತ್ತು ಗ್ಲಾಸ್‌ಡೋರ್ ಬಗ್ಗೆ. ನೌಕ್ರಿ ಡಾಟ್ ಕಾಮ್‌ನ ಒಡೆತನ ಹೊಂದಿರುವ ಇನ್ಫೋ ಎಡ್ಜ್ ಸಮೂಹದ್ದೇ ಆದ ಆಂಬಿಷನ್‌ಬಾಕ್ಸ್‌ನಲ್ಲಿ ಭಾರತದ ಕಂಪನಿಗಳ ಮಾಹಿತಿ ಹೆಚ್ಚು. ಗ್ಲಾಸ್‌ಡೋರ್ ಅಮೆರಿಕದಲ್ಲಿ ಹುಟ್ಟಿದ್ದು, 2018ರಲ್ಲಿ ಜಪಾನಿನ ರಿಕ್ರೂಟ್ ಹೋಲ್ಡಿಂಗ್ಸ್ ಕೊಂಡುಕೊಂಡಿತು. ವಿದೇಶಿ ಕಂಪನಿಗಳಿಗೆ ಅದು ಒಳ್ಳೆಯದು. ಎರಡರಲ್ಲೂ ಜನ ನೋಡುವುದು ನಕ್ಷತ್ರಗಳ ರೇಟಿಂಗ್. ನಿಮಗೆ ಅದು ಬೇಡ. ಇಂಟರ್‌ವ್ಯೂ ವಿಭಾಗಕ್ಕೆ ಹೋಗಿ, ನಿಮ್ಮ ಹುದ್ದೆಯ ಹೆಸರು ಆರಿಸಿ, ಕಳೆದ ಒಂದೂವರೆ ವರ್ಷದ ಅನುಭವಗಳನ್ನಷ್ಟೇ ಓದಿ. ಯಾವ ಸುತ್ತಿನ ನಂತರ ಸುದ್ದಿ ನಿಂತಿತು ಎಂದು ಎಷ್ಟು ಜನ ಬರೆದಿದ್ದಾರೆ? ‘ಎಚ್‌ಆರ್ ಸುತ್ತು ಮುಗಿದ ಮೇಲೆ ಮೌನ’ ಎಂದು ನಾಲ್ಕಾರು ಜನ ಬರೆದಿದ್ದರೆ ಅದು ಆ ಕಂಪನಿಯ ಚಾಳಿ, ನಿಮ್ಮ ಕೊರತೆಯಲ್ಲ. ಮನಸ್ಸಿಗೆ ಇದರಿಂದ ಸಿಗುವ ಸಮಾಧಾನ ಸಣ್ಣದಲ್ಲ.

ಸಂಬಳದ ಅಂಕಿ ನೋಡುವಾಗ ಎಚ್ಚರ ಬೇಕು. ಹಾಕಿದವರಲ್ಲಿ ಕೆಲವರು ಕೈಗೆ ಬರುವ ನಿಗದಿತ ಮೊತ್ತ ಬರೆದಿರುತ್ತಾರೆ, ಕೆಲವರು ವೇರಿಯಬಲ್, ಸೇರುವ ಬೋನಸ್, ಗ್ರಾಚ್ಯುಟಿ ಎಲ್ಲ ಸೇರಿಸಿದ ಸಿಟಿಸಿ ಬರೆದಿರುತ್ತಾರೆ. ನಗರವೂ ಕಲಸಿಹೋಗಿರುತ್ತದೆ. ಹತ್ತಕ್ಕಿಂತ ಕಡಿಮೆ ಜನ ಹಾಕಿದ ಸರಾಸರಿಯನ್ನು ನಂಬಿ ಮುಂದಿನ ಸಂದರ್ಶನದಲ್ಲಿ ಅಂಕಿ ಹೇಳಬೇಡಿ. ವಿಮರ್ಶೆ ಬರೆಯುವವರು ಬಹಳ ಖುಷಿಯಾದವರು ಅಥವಾ ಬಹಳ ನೊಂದವರು ಎಂಬುದೂ ನೆನಪಿರಲಿ. ನೀವೂ ನೊಂದ ವಾರದಲ್ಲಿ ಅಲ್ಲಿ ಬರೆಯಲು ಕೂರಬೇಡಿ, ಒಂದು ತಿಂಗಳು ಬಿಟ್ಟು ಬರೆಯಿರಿ. ಆಗ ಮುಂದಿನವರಿಗೆ ಉಪಯೋಗವಾಗುವ ವಿವರ ಬರುತ್ತದೆ.

ದುಡ್ಡು ಕೊಡುವುದೇ ಆದರೆ ಅದು ಅಣಕು ಸಂದರ್ಶನಕ್ಕೆ ಹೋಗಲಿ. ಕಾರಣ ಇಷ್ಟೆ: ಕೊನೆಯ ಸುತ್ತಿನಲ್ಲಿ ಸೋತವರ ದೋಷ ಅವರ ಕಣ್ಣಿಗೇ ಕಾಣುವಂಥದ್ದಲ್ಲ. ವ್ಯವಸ್ಥೆ ಎರಡು ಬಗೆಯದು. ಪ್ರಾಂಪ್‌ನಂಥ (ಅದು ಈಗ ಎಕ್ಸ್‌ಪೊನೆಂಟ್‌ನ ಭಾಗ) ತಾಣಗಳಲ್ಲಿ ನಿಮ್ಮಂತೆಯೇ ತಯಾರಿ ನಡೆಸುತ್ತಿರುವ ಇನ್ನೊಬ್ಬರು ಜೊತೆಯಾಗುತ್ತಾರೆ. ಅವರು ನಿಮ್ಮನ್ನು ಕೇಳುತ್ತಾರೆ, ನೀವು ಅವರನ್ನು ಕೇಳುತ್ತೀರಿ. ಸಂದರ್ಶಕರ ಕುರ್ಚಿಯಲ್ಲಿ ಕೂತಾಗಲೇ ಎಷ್ಟೋ ಸಂಗತಿ ಹೊಳೆಯುತ್ತದೆ. ಕೊರತೆಯೆಂದರೆ ಎದುರಿನವರ ಮಟ್ಟ ಅದೃಷ್ಟಕ್ಕೆ ಬಿಟ್ಟದ್ದು. ಇನ್ನೊಂದು ಬಗೆಯಲ್ಲಿ ಅನುಭವಿಗಳಿಗೆ ಹಣ ಕೊಟ್ಟು ಸಮಯ ಕಾದಿರಿಸಬೇಕು. ಇಂಟರ್‌ವ್ಯೂಯಿಂಗ್ ಡಾಟ್ ಐಒದಲ್ಲಿ ಹೆಸರು ಮುಖ ತೋರಿಸದೆ ದೊಡ್ಡ ಕಂಪನಿಗಳ ಎಂಜಿನಿಯರುಗಳ ಮುಂದೆ ಕೂರಬಹುದು, ಆದರೆ ದರ ಡಾಲರಿನಲ್ಲಿ, ನಮ್ಮ ಜೇಬಿಗೆ ಭಾರ. ಟಾಪ್‌ಮೇಟ್‌ನಲ್ಲಿ ಮೆಂಟರ್‌ಗಳೇ ತಮ್ಮ ದರ ಇಟ್ಟುಕೊಳ್ಳುತ್ತಾರೆ, ಕನ್ನಡ ಬಲ್ಲವರೂ ಸಿಕ್ಕಾರು. ಅಲ್ಲಿ ಹಿಂಬಾಲಕರ ಸಂಖ್ಯೆ ನೋಡಿ ಮೆಂಟರ್ ಆರಿಸುವುದೇ ಜನ ಎಡವುವ ಜಾಗ. ನೋಡಬೇಕಾದದ್ದು ಒಂದೇ: ಕಳೆದ ಎರಡು ವರ್ಷದಲ್ಲಿ ನಿಮ್ಮ ಮಟ್ಟದ ಹುದ್ದೆಗೆ ಅವರು ಸ್ವತಃ ಸಂದರ್ಶನ ಮಾಡಿದ್ದಾರೆಯೇ. ಕಾದಿರಿಸುವ ಮುಂಚೆ ಸಂದೇಶ ಕಳಿಸಿ ಕೇಳಿ. ಉತ್ತರ ಹಾರಿಕೆಯದಾದರೆ ಬಿಡಿ.

ಈ ಸೇವೆ ವ್ಯರ್ಥವಾಗುವುದು ಹೇಗೆಂದರೆ, ಅರ್ಧ ಗಂಟೆ ‘ರೆಸ್ಯೂಮೆ ನೋಡೋಣ’ ಎನ್ನುವುದರಲ್ಲೇ ಕಳೆದುಹೋಗುತ್ತದೆ. ಅದಕ್ಕೆ ಆಸ್ಪದ ಕೊಡಬೇಡಿ. ನಿಜವಾದ ಸಂದರ್ಶನ ಮುಗಿದ 24 ಗಂಟೆಯೊಳಗೆ ಅಲ್ಲಿ ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ, ಅವರು ಮತ್ತೆ ಕೆದಕಿದ ಜಾಗ ಈ ಮೂರನ್ನೂ ಬರೆದಿಟ್ಟಿರಬೇಕು. ಮೂರು ದಿನ ಬಿಟ್ಟರೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡಿರುತ್ತದೆ. ಮೆಂಟರ್ ಮುಂದೆ ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಕೊಡಿ, ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ, ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಎರಡೇ ಮಾತು ಕೇಳಿ: ‘ನೀವಾದರೆ ನನ್ನನ್ನು ತೆಗೆದುಕೊಳ್ಳುತ್ತಿದ್ದಿರಾ? ಇಲ್ಲವಾದರೆ ಯಾವ ಉತ್ತರದಲ್ಲಿ ಅನುಮಾನ ಬಂತು?’

ಇಂಥ ಅಭ್ಯಾಸದಲ್ಲಿ ಮತ್ತೆ ಮತ್ತೆ ಹೊರಬೀಳುವ ದೋಷಗಳು ಮೂರು. ಒಂದು, ‘ನಾವು ಮಾಡಿದೆವು, ತಂಡ ಮಾಡಿತು’ ಎಂಬ ಮಾತು. ವಿನಯದಿಂದ ಬೆಳೆದವರಿಗೆ ‘ನಾನು’ ಎನ್ನಲು ಬಾಯಿ ಬರುವುದಿಲ್ಲ. ಸಂದರ್ಶಕರ ಟಿಪ್ಪಣಿಯಲ್ಲಿ ಅದು ‘ಸ್ವಂತ ಪಾಲು ಸ್ಪಷ್ಟವಿಲ್ಲ’ ಎಂದಾಗುತ್ತದೆ. ಎರಡು, ಹಿನ್ನೆಲೆ ಹೇಳುವುದರಲ್ಲೇ ಹೊತ್ತು ಕಳೆಯುವುದು. ಮೂರು ನಿಮಿಷದ ಉತ್ತರದಲ್ಲಿ ಹಿನ್ನೆಲೆಗೆ ಅರ್ಧ ನಿಮಿಷ, ನೀವು ಮಾಡಿದ್ದಕ್ಕೆ ಎರಡು ನಿಮಿಷ, ಫಲಿತಾಂಶಕ್ಕೆ ಅರ್ಧ ನಿಮಿಷ ಎಂಬ ಲೆಕ್ಕ ಇಟ್ಟುಕೊಳ್ಳಿ, ಫಲಿತಾಂಶದಲ್ಲಿ ಒಂದಾದರೂ ಅಂಕಿ ಇರಲಿ. ಮೂರನೆಯದು ‘ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ’ ಎಂದಾಗ ಧ್ವನಿಯಲ್ಲಿ ಕಾಣಿಸುವ ಕಹಿ. ಧ್ವನಿಮುದ್ರಿಕೆ ಕೇಳಿದಾಗ ಮಾತ್ರ ಅದು ನಿಮಗೇ ತಿಳಿಯುತ್ತದೆ. ಎರಡು ಅಥವಾ ಮೂರು ಸಲ ಇದನ್ನು ಮಾಡಿದರೆ ಸಾಕು. ಹತ್ತು ಸಲದ ಪ್ಯಾಕೇಜ್ ಕೊಳ್ಳಬೇಡಿ, ಉತ್ತರಗಳು ಬಾಯಿಪಾಠದ ಹಾಗೆ ಕೇಳಿಸತೊಡಗುತ್ತವೆ.

ಲಿಂಕ್ಡ್‌ಇನ್ ಪ್ರೀಮಿಯಂ ಕರಿಯರ್: ತಿಂಗಳಿಗೆ ಐದು ಇನ್‌ಮೇಲ್ (ನಿಮ್ಮ ಕನೆಕ್ಷನ್ ಅಲ್ಲದವರಿಗೂ ಕಳಿಸಬಹುದಾದ ಸಂದೇಶ), ಕಳೆದ ಒಂದು ವರ್ಷದಲ್ಲಿ ನಿಮ್ಮ ಪ್ರೊಫೈಲ್ ನೋಡಿದವರ ಪಟ್ಟಿ, ಲಿಂಕ್ಡ್‌ಇನ್ ಲರ್ನಿಂಗ್ ಪಾಠಗಳು. ಕಳಿಸಿದ ಇನ್‌ಮೇಲ್‌ಗೆ 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮನ್ನು ಸಂದರ್ಶಿಸಿದ ನಾಲ್ಕೈದು ಜನರಿಗೆ ಇನ್‌ಮೇಲ್ ಬೇಕಿಲ್ಲ. ‘ನಮ್ಮ ಮಾತುಕತೆ ಹಿಡಿಸಿತು’ ಎಂಬ ಸಣ್ಣ ಟಿಪ್ಪಣಿಯೊಂದಿಗೆ ಕನೆಕ್ಷನ್ ಕೋರಿಕೆ ಕಳಿಸಿದರೆ ಒಪ್ಪುವವರೇ ಹೆಚ್ಚು. ಮುಂದಿನ ವರ್ಷ ಅವರಲ್ಲೊಬ್ಬರು ಬೇರೆ ಕಂಪನಿಗೆ ಹೋದಾಗ ನಿಮ್ಮ ಹೆಸರು ನೆನಪಾದೀತು. ಪ್ರೊಫೈಲ್ ನೋಡಿದವರ ಪಟ್ಟಿಯಂತೂ ಈ ಸ್ಥಿತಿಯಲ್ಲಿ ಹಾನಿಯನ್ನೇ ಮಾಡುತ್ತದೆ: ಆ ಕಂಪನಿಯವರು ಮತ್ತೆ ನೋಡಿದರೇ ಎಂದು ದಿನಕ್ಕೆ ಹತ್ತು ಸಲ ತೆರೆಯುವ ಚಟ ಹತ್ತುತ್ತದೆ. ಒಂದು ತಿಂಗಳ ಉಚಿತ ಅವಧಿ ಸಿಕ್ಕರೆ ಬಳಸಿ, ಅವಧಿ ಮುಗಿಯುವ ಮುಂಚಿನ ದಿನವೇ ರದ್ದು ಮಾಡಿ. ಐಫೋನಿನ ಆಪ್ ಸ್ಟೋರ್ ಮೂಲಕ ತೆಗೆದುಕೊಂಡಿದ್ದರೆ ರದ್ದತಿಯೂ ಆಪಲ್ ಸೆಟ್ಟಿಂಗ್ಸ್‌ನಲ್ಲೇ ಆಗಬೇಕು, ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ನೌಕ್ರಿಯ ಉಚಿತ ಖಾತೆ ಸಾಕು. ಪ್ರೊಫೈಲನ್ನು ಆಗಾಗ ಒಂದಿಷ್ಟು ತಿದ್ದಿ ಉಳಿಸುತ್ತಿದ್ದರೆ ರಿಕ್ರೂಟರ್‌ಗಳ ಹುಡುಕಾಟದಲ್ಲಿ ‘ಇತ್ತೀಚೆಗೆ ಸಕ್ರಿಯ’ ಎಂದು ಬರುತ್ತೀರಿ. ನೋಟಿಸ್ ಪೀರಿಯಡ್ ಕಾಲಂ ಖಾಲಿ ಬಿಟ್ಟರೆ ಫಿಲ್ಟರ್‌ನಲ್ಲೇ ಬಿದ್ದುಹೋಗುತ್ತೀರಿ. ರೆಸ್ಯೂಮೆ ಬರೆದುಕೊಡುವ ಪಾವತಿ ಸೇವೆಗಳು, ಅವು ಯಾರದ್ದೇ ಆಗಿರಲಿ, ಕರೆಯೇ ಬರದವರಿಗೆ ಉಪಯೋಗವಾದಾವು. ಕೊನೆಯ ಸುತ್ತಿಗೆ ಹೋದ ರೆಸ್ಯೂಮೆಯನ್ನು ಬೇರೆಯವರ ಕೈಲಿ ಬರೆಸುವುದು ಗೆದ್ದ ಭಾಗವನ್ನೇ ಕೆಡವಿ ಕಟ್ಟಿದಂತೆ. ಅಪರಿಚಿತರು ತುಂಬಿದ ದೊಡ್ಡ ದೊಡ್ಡ ಪದಗಳನ್ನು ಸಂದರ್ಶನದಲ್ಲಿ ಸಮರ್ಥಿಸಿಕೊಳ್ಳಬೇಕಾದವರು ನೀವು.

ಯಾರೂ ಪಟ್ಟಿಗೆ ಸೇರಿಸದ ಒಂದು ಸೇವೆ ಭವಿಷ್ಯ ನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒದ ಸದಸ್ಯರ ಪೋರ್ಟಲ್. ಆಫರ್ ಬಾಯಿಮಾತಿನಲ್ಲಿ ಸಿಕ್ಕು, ದಾಖಲೆ ಕೊಟ್ಟ ಮೇಲೆ ಮೌನವಾಯಿತೆಂದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಕಡೆ ಕಣ್ಣು ಹಾಯಿಸಿ. ಒಂದೇ ಹೊತ್ತಿಗೆ ಎರಡು ಕೆಲಸ ಮಾಡುವವರ ವಿವಾದ 2022ರಲ್ಲಿ ಎದ್ದ ಮೇಲೆ ಕಂಪನಿಗಳು ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಇತಿಹಾಸ ನೋಡುವುದು ಹೆಚ್ಚಾಗಿದೆ. ಲಾಗಿನ್ ಆಗಿ ‘ವ್ಯೂ’ ಅಡಿಯ ‘ಸರ್ವಿಸ್ ಹಿಸ್ಟರಿ’ ತೆರೆಯಿರಿ. ಹಳೆಯ ಕಂಪನಿ ನಿಮ್ಮ ನಿರ್ಗಮನ ದಿನಾಂಕ ಹಾಕದೇ ಬಿಟ್ಟಿದ್ದರೆ ನೀವು ಎರಡು ಕಡೆ ದುಡಿಯುತ್ತಿರುವಂತೆ ಕಾಣುತ್ತದೆ, ಪ್ರಾಮಾಣಿಕರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಕೆಲಸ ಬಿಟ್ಟು ಎರಡು ತಿಂಗಳಾಗಿದ್ದರೆ ‘ಮ್ಯಾನೇಜ್’ ಅಡಿಯ ‘ಮಾರ್ಕ್ ಎಕ್ಸಿಟ್’ನಲ್ಲಿ ಆಧಾರ್ ಒಟಿಪಿ ಬಳಸಿ ನೀವೇ ಹಾಕಬಹುದು. ಆದರೆ ಒಮ್ಮೆ ಹಾಕಿದ ದಿನಾಂಕ ತಿದ್ದಿಸುವುದು ಕಷ್ಟ. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿ. ರೆಸ್ಯೂಮೆಯ ತಿಂಗಳು, ರಿಲೀವಿಂಗ್ ಲೆಟರಿನ ತಿಂಗಳು, ಪಿಎಫ್ ತಿಂಗಳು ಮೂರೂ ಒಂದೇ ಇರಲಿ.

ಈಗ ಮನಸ್ಸಿನ ವಿಚಾರ. ಟೆಲಿ ಮಾನಸ್ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಂತ್ರಜ್ಞಾನದ ಹೊಣೆಯಲ್ಲಿ ಬೆಂಗಳೂರಿನ ಐಐಐಟಿಯೂ ಇದೆ. ಸಂಖ್ಯೆ 14416, ಅಥವಾ 1800 891 4416. ದಿನದ 24 ಗಂಟೆಯೂ ಇರುತ್ತದೆ. ಕರೆ ಹೋದ ಕೂಡಲೇ ಭಾಷೆ ಆರಿಸಲು ಹೇಳುತ್ತದೆ, ಕನ್ನಡ ಆರಿಸಿದರೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ತಜ್ಞರಿಗೆ ಕರೆ ದಾಟಿಸುತ್ತಾರೆ, ಅಥವಾ ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಆ್ಯಪ್ ಕೂಡ ಬಂತು. ವಿಡಿಯೊ ಸಮಾಲೋಚನೆ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

‘ಕೆಲಸ ಸಿಗಲಿಲ್ಲ ಅಂತ ಸಹಾಯವಾಣಿಗೆ ಫೋನ್ ಮಾಡುವುದೇ?’ ಎಂಬ ಸಂಕೋಚ ಬಹಳ ಜನರಿಗಿದೆ. ಮಾಡಬಹುದು, ಮಾಡಬೇಕು. ಕಾಯಿಲೆಯೇ ಇರಬೇಕೆಂದಿಲ್ಲ. ಮಾತು ಹೇಗೆ ಶುರುಮಾಡಬೇಕೆಂದು ತೋಚದಿದ್ದರೆ ಈ ವಾಕ್ಯ ಸಾಕು: ‘ಕೊನೆಯ ಹಂತದಲ್ಲಿ ಕೆಲಸ ಕೈತಪ್ಪಿತು, ಆವತ್ತಿನಿಂದ ನಿದ್ದೆ ಸರಿಯಿಲ್ಲ.’ ಉಳಿದದ್ದನ್ನು ಅವರೇ ಕೇಳಿಕೊಂಡು ಹೋಗುತ್ತಾರೆ. ಕೆಲವು ದಿನದ ಬೇಸರ, ಅಳು, ಸಿಟ್ಟು ಸಹಜ. ನಿದ್ದೆ, ಊಟ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎರಡು ವಾರ ದಾಟಿದರೆ ಸಹಾಯ ಪಡೆಯಲೇಬೇಕು. ಬದುಕು ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಆ ಕ್ಷಣವೇ ಕರೆ ಮಾಡಿ, ಹತ್ತಿರದವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ, ತುರ್ತಾದರೆ 112.

ಇದರ ಮಿತಿಯನ್ನೂ ಹೇಳಬೇಕು. ಮತ್ತೆ ಕರೆ ಮಾಡಿದಾಗ ಮೊದಲು ಮಾತಾಡಿದವರೇ ಸಿಗುತ್ತಾರೆಂದು ನಂಬಿ ಕೂರುವ ಹಾಗಿಲ್ಲ, ಆದ್ದರಿಂದ ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕಾದೀತು. ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಂಡರೆ ದಣಿವು ಕಡಿಮೆ. ಉದ್ಯೋಗದ ಸಲಹೆಯನ್ನು ಅಲ್ಲಿಂದ ನಿರೀಕ್ಷಿಸಬೇಡಿ, ಅದು ಅವರ ಕೆಲಸವಲ್ಲ. ಎದುರು ಕೂತು ಮಾತಾಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ. ಮನೆಯವರಿಗೂ ಒಂದು ಮಾತು: ‘ಹೋಗಲಿ ಬಿಡು, ಇದಕ್ಕಿಂತ ಒಳ್ಳೇದು ಸಿಗತ್ತೆ’ ಎಂದು ಮೊದಲ ದಿನವೇ ಹೇಳಬೇಡಿ. ಕೇಳಿಸಿಕೊಳ್ಳಿ. ನೆಂಟರಿಗೆ ಸುದ್ದಿ ಹೇಳುವ ಹೊಣೆಯನ್ನು ನೀವು ಹೊತ್ತುಕೊಂಡರೆ ಅದೇ ದೊಡ್ಡ ಉಪಕಾರ.

ಸರ್ಕಾರಿ ಹುದ್ದೆಯ ಸಂದರ್ಶನದಲ್ಲಿ ಸೋತವರಿಗೆ ಬೇರೆ ಬಗೆಯ ಸೌಲಭ್ಯವಿದೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮುಖ್ಯ ಪರೀಕ್ಷೆಗೆ 1750, ಸಂದರ್ಶನಕ್ಕೆ 275 ಅಂಕ. ಲಿಖಿತ ಪರೀಕ್ಷೆ ಗೆದ್ದು ಸಂದರ್ಶನಕ್ಕೆ ಹೋಗಿಯೂ ಅಂತಿಮ ಪಟ್ಟಿಯಲ್ಲಿ ಬಾರದವರ ವಿವರವನ್ನು, ಅವರು ಒಪ್ಪಿದರೆ, ಬೇರೆ ಸಂಸ್ಥೆಗಳಿಗೆ ತೋರಿಸುವ ಯೋಜನೆ 2018ರಲ್ಲಿ ಶುರುವಾಗಿ, 2025ರಲ್ಲಿ ‘ಪ್ರತಿಭಾ ಸೇತು’ ಎಂಬ ಹೊಸ ಹೆಸರು ಪಡೆಯಿತು. ನೋಂದಾಯಿತ ಖಾಸಗಿ ಕಂಪನಿಗಳೂ ಇದರಲ್ಲಿ ನೋಡಬಹುದು. ಸೇನೆಗೆ ಸೇರಲು ಬರೆಯುವ ಎನ್‌ಡಿಎ ಪರೀಕ್ಷೆ ಇದರೊಳಗೆ ಬರುವುದಿಲ್ಲ. ಒಪ್ಪಿಗೆ ಕೊಟ್ಟಮಾತ್ರಕ್ಕೆ ಕೆಲಸ ಬರುತ್ತದೆಂದಲ್ಲ, ಆದರೂ ಕೊಡದಿರಲು ಕಾರಣವಿಲ್ಲ. ಖಾಸಗಿ ಸಂದರ್ಶನದಲ್ಲಿ ನಾಲ್ಕೈದು ವರ್ಷದ ಖಾಲಿ ಜಾಗಕ್ಕೆ ವಿವರಣೆ ಕೇಳಿದಾಗ ಪ್ರತಿಭಾ ಸೇತುವಿನಲ್ಲಿ ಹೆಸರಿರುವುದು ಬಲ ಕೊಡುತ್ತದೆ. ಹೊಸ ಪದವೀಧರರಾದರೆ ರಾಜ್ಯದ ಯುವನಿಧಿ ನೋಡಿ: ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ ಎರಡು ವರ್ಷ. ಸೇವಾಸಿಂಧುವಿನಲ್ಲಿ ಅರ್ಜಿ. ನಿರುದ್ಯೋಗಿ ಎಂಬ ಸ್ವಯಂ ಘೋಷಣೆ ತಪ್ಪಿಸಿದರೆ ಹಣ ನಿಲ್ಲುತ್ತದೆ. ಬೇರೂರಿಗೆ ಸಂದರ್ಶನಕ್ಕೆ ಓಡಾಡುವ ಬಸ್ಸಿನ ಖರ್ಚಿಗಾದರೂ ಆದೀತು.

ಕೊನೆಯದಾಗಿ, ಸೊನ್ನೆ ಅಂಕದವರು. ಸಂದರ್ಶನ ಮುಗಿಸಿ ಕಾಯುತ್ತಿರುವವರಿಗೇ ಗಾಳ ಹಾಕುವ ಕರೆಗಳಿವೆ: ‘ನಿಮ್ಮ ಪ್ರೊಫೈಲ್ ಸೆಲೆಕ್ಟ್ ಆಗಿದೆ, ವಾಪಸ್ ಕೊಡುವ ನೋಂದಣಿ ಶುಲ್ಕ ಕಟ್ಟಿ.’ ಮೊದಲು ಸಾವಿರ ಚಿಲ್ಲರೆ, ಆಮೇಲೆ ದಾಖಲೆ ಪರಿಶೀಲನೆಗೆ, ಲ್ಯಾಪ್‌ಟಾಪ್ ಠೇವಣಿಗೆ ಎಂದು ಮೊತ್ತ ಏರುತ್ತದೆ. ಹೆಸರಾಂತ ಕಂಪನಿ, ಜಾಬ್ ಪೋರ್ಟಲ್‌ಗಳ ಹೆಸರನ್ನೇ ಬಳಸುತ್ತಾರೆ. ಆಫರ್ ಕೊಡಲು ಹಣ ಕೇಳುವ ನಿಜವಾದ ಉದ್ಯೋಗದಾತರಿಲ್ಲ. ಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗವನ್ನು ಕಂಪನಿಯ ಜಾಲತಾಣದೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಕರಾವಳಿಯಿಂದ ಗಲ್ಫ್‌ಗೆ ಹೊರಟವರು ಏಜೆಂಟರ ಪರವಾನಗಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕಿಂತ ಹೆಚ್ಚಲ್ಲ, ರಸೀದಿ ಕೊಡಲೇಬೇಕು. ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಪಿಐ ವಹಿವಾಟಿನ ಸಂಖ್ಯೆ, ಕರೆ ಬಂದ ನಂಬರ್, ವಾಟ್ಸ್ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅವರನ್ನು ಬ್ಲಾಕ್ ಮಾಡುವುದು ಅದಾದ ಮೇಲೆ.